ಮಾದ ಗೌಡರು ಕಲಿಸಿದ ಪದಗಳು, ನಾನು ಬಿಟ್ಟ ಮಾತು

ನೀಲಗಿರಿಯ ಕೋರ್ಟುಗಳಲ್ಲಿ ಬಡಗ, ತಮಿಳು, ಕನ್ನಡ ಆಡುವವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ದೊರೆಗಳಿಗೆ ಮುಟ್ಟಿಸಿದ ದುಭಾಷಿಗಳಲ್ಲಿ ಶ್ರೀ ಮಾದ ಗೌಡರಿಗೆ ಮೊದಲ ಸ್ಥಾನ ಸಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ೧೮೯೮ರಲ್ಲಿ ಉದಕಮಂಡಲದ ಕೋರ್ಟಿಗೆ ಸೇರಿದ ಅವರು ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಈ ಅಭಿನಂದನ ಸಂಪುಟಕ್ಕೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿರೆಂದು ಸಮಿತಿಯವರು ಕೇಳಿದಾಗ, ಅವರ ಶಿಷ್ಯನೆಂಬ ಹೆಮ್ಮೆಗಿಂತ ಮೊದಲು ನನಗಾದದ್ದು ನಾಚಿಕೆ. ಗೌಡರು ಎರಡನೆಯ ದುಭಾಷಿಯಾಗಿಯೇ ಮನೆಗೆ ಹೋಗುತ್ತಿದ್ದಾರೆ. ಮುಖ್ಯ ದುಭಾಷಿಯ ಕುರ್ಚಿಯಲ್ಲಿ ಹದಿನಾಲ್ಕು ವರ್ಷಗಳಿಂದ ಕುಳಿತಿರುವವನು ನಾನು. ಹೀಗೇಕಾಯಿತೆಂಬುದು ಊರಿಗೆ ತಿಳಿಯದು. ಅದನ್ನು ತಿಳಿಸುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

೧೯೧೦ರಲ್ಲಿ ನಂಜನಾಡಿನಿಂದ ಬಂದು ಅವರ ಕೈಕೆಳಗೆ ಸೇರಿದಾಗ ನನಗೆ ಶಾಲೆಯ ಇಂಗ್ಲಿಷು ಬರುತ್ತಿತ್ತೇ ಹೊರತು ಕೋರ್ಟಿನ ಇಂಗ್ಲಿಷು ಬರುತ್ತಿರಲಿಲ್ಲ. ಕಲಾಪ ಮುಗಿದ ಮೇಲೆ ಗೌಡರು ನನ್ನನ್ನು ವರಾಂಡದಲ್ಲಿ ಕೂರಿಸಿಕೊಂಡು ಅಪರಾಧಗಳ ಹೆಸರುಗಳನ್ನು ಕಲಿಸುತ್ತಿದ್ದರು. ಪುಸ್ತಕ ಬಿಡಿಸುತ್ತಿರಲಿಲ್ಲ, ಉದಾಹರಣೆಗಳೆಲ್ಲ ನಮ್ಮ ಹಟ್ಟಿಯವೇ. ಒಡೆಯನಿಲ್ಲದಾಗ ಅವನ ಹೊಲದ ಆಲೂಗೆಡ್ಡೆ ಅಗೆದೊಯ್ದರೆ ಥೆಫ್ಟ್. ಅದನ್ನೇ ಕತ್ತಿ ತೋರಿಸಿ ಕಿತ್ತುಕೊಂಡರೆ ರಾಬರಿ. ಐದು ಜನ ಕೂಡಿ ಕಿತ್ತುಕೊಂಡರೆ ಡಕಾಯಿಟಿ. ಕೆಡುಕು ಮಾಡುವ ಉದ್ದೇಶದಿಂದ ಬೇಲಿ ದಾಟಿದರೆ ಟ್ರೆಸ್‌ಪಾಸ್. ಬೆದರಿಸಿ, ಅವನ ಕೈಯಿಂದಲೇ ಕೊಡಿಸಿಕೊಂಡರೆ ಎಕ್ಸ್‌ಟಾರ್ಷನ್. "ಪದ ಎಷ್ಟು ದೊಡ್ಡದೋ ಸೆರೆವಾಸ ಅಷ್ಟು ಉದ್ದ, ಹಾಲಿ. ಬಾಯಿಂದ ಬೀಳೋ ಮೊದಲೇ ತೂಗಿ ನೋಡು," ಎಂದು ನನ್ನ ಹೆಸರು ಹಿಡಿದು ಹೇಳುತ್ತಿದ್ದರು. ಆ ವರ್ಷ ನಾನು ವಿಷಮಶೀತ ಜ್ವರದಿಂದ ಮಲಗಿದ್ದಾಗ ಒಂದು ತಿಂಗಳು ನನ್ನ ಪಾಲಿನ ಬರವಣಿಗೆಯನ್ನೆಲ್ಲ ಅವರೇ ಮಾಡಿ, ಭಾನುವಾರ ನಂಜನಾಡಿಗೆ ನಡೆದು ಬಂದು ನನ್ನ ತಾಯಿಗೆ ಧೈರ್ಯ ಹೇಳಿ ಹೋಗುತ್ತಿದ್ದರು. ಅಂಥವರಿಗೆ ನಾನು ಮಾಡಿದ್ದನ್ನು ಇನ್ನು ಹೇಳಬೇಕು.

ಮರುವರ್ಷ, ರಾಗಿ ಕೊಯ್ಲಿನ ಕಾಲ. ಗೌಡರು ಗೂಡಲೂರಿನ ಕ್ಯಾಂಪಿಗೆ ಹೋಗಿದ್ದರಿಂದ ಮೊದಲ ಬಾರಿಗೆ ನಾನೊಬ್ಬನೇ ಕಟಕಟೆಯ ಪಕ್ಕದಲ್ಲಿ ನಿಂತೆ. ಆರೋಪಿ ಮಾಸಿನಗುಡಿಯ ಕೆಂಚ, ಕಾಡಿನ ಕುರುಂಬರವನು. ನಮ್ಮ ಬಡಗರಲ್ಲಿ ಕೊಯ್ಲಿಗೆ ಕುರುಂಬನೇ ಮೊದಲ ಕೈ ಹಾಕಿ, ಮೊದಲ ಹಿಡಿಯನ್ನು ತನ್ನ ಪಾಲೆಂದು ಯಾರನ್ನೂ ಕೇಳದೆ ಒಯ್ಯುವ ವಾಡಿಕೆಯುಂಟು. ನಮ್ಮ ಹೊಲದಲ್ಲಿಯೂ ನಾನು ಅದನ್ನು ನೋಡಿಯೇ ಬೆಳೆದವನು. ಕೆಂಚ ಹೋದ ಹೊಲವನ್ನು ಬಡಗರಿಂದ ಆರುಮುಗಂ ಎಂಬವರು ಹೊಸದಾಗಿ ಕೊಂಡಿದ್ದರು. ಕೆಳನಾಡಿನವರಾದ ಅವರಿಗೆ ಈ ವಾಡಿಕೆ ಏನು ಗೊತ್ತು? ಕತ್ತಿ ಹಿಡಿದವನು ತಮ್ಮೆದುರಿಗೇ ತೆನೆ ಕೊಯ್ದು ಒಯ್ದನೆಂದೂ ತಾವು ಹೆದರಿ ದೂರ ನಿಂತೆವೆಂದೂ ಹೇಳಿದರು. ಅದು ಸುಳ್ಳಾಗಿರಲಿಲ್ಲ.

ಕೈಯಲ್ಲಿ ಕತ್ತಿ ಇತ್ತೇ ಎಂದು ಮ್ಯಾಜಿಸ್ಟ್ರೇಟರು ಕೇಳಿಸಿದಾಗ ಕೆಂಚ ಹೇಳಿದ್ದು ಇಷ್ಟು: "ಕತ್ತಿ ಇತ್ತು ಸಾಮಿ. ಕತ್ತಿ ಇಲ್ಲದೆ ರಾಗಿ ಹೆಂಗೆ ಕುಯ್ಯದು? ಮೊದ್ಲ ಹಿಡಿ ನಂದೇ ಅಲ್ವಾ. ಈ ಗೌಡಂಗೆ ಗೊತ್ತು, ಕೇಳಿ." ಹೀಗೆಂದು ನನ್ನ ಕಡೆ ಕೈ ತೋರಿಸಿದ; ಅವರಿಗೆ ಬಡಗರೆಲ್ಲ ಗೌಡರೇ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು, ಕತ್ತಿ ಇತ್ತೆಂದು ಒಪ್ಪುತ್ತಾನೆ ಎಂಬುದನ್ನು ಮಾತ್ರ. ಸಾಲದ್ದಕ್ಕೆ, ಯಾರೂ ಕೇಳದಿದ್ದರೂ, ಇದು ಥೆಫ್ಟ್ ಅಲ್ಲ ರಾಬರಿ ಎಂದು ಎರಡಕ್ಕೂ ಇರುವ ಭೇದವನ್ನು ಗಿಳಿಪಾಠದಂತೆ ಒಪ್ಪಿಸಿದೆ. ಉಳಿದ ಮಾತು ಹೇಳಿದ್ದರೆ ನನ್ನ ಈ ಪಾಂಡಿತ್ಯ ಅಲ್ಲಿಗೇ ಮುಗಿದುಹೋಗುತ್ತಿತ್ತು. ಅಲ್ಲದೆ ದೊರೆಯ ಮುಂದೆ ಕುರುಂಬನೊಬ್ಬ ನನ್ನನ್ನು ಸಾಕ್ಷಿಗೆ ಕರೆದದ್ದೂ ನನಗೆ ಅವಮಾನವೆನಿಸಿತ್ತು. ಮ್ಯಾಜಿಸ್ಟ್ರೇಟರು ನನ್ನ ಇಂಗ್ಲಿಷನ್ನು ಮೆಚ್ಚಿಕೊಂಡರು. ಕೆಂಚನಿಗೆ ಆರು ತಿಂಗಳ ಕಠಿಣ ಸಜೆಯಾಯಿತು.

ಅವನ ಹೆಂಡತಿ ಜೋಗಮ್ಮ ಊರಿಗೆ ಹೋಗದೆ ದಿನವೂ ಕೋರ್ಟಿನ ಅಂಗಳದಲ್ಲಿ ಬಂದು ಕೂರುತ್ತಿದ್ದಳು. ಗೂಡಲೂರಿನಿಂದ ಮರಳಿದ ಗೌಡರು ಅವಳಿಂದ ಎಲ್ಲವನ್ನೂ ಕೇಳಿಕೊಂಡು ಒಳಗೆ ಬಂದು, "ಅವ ಅಷ್ಟೂ ಹೇಳಿದ್ದು ನಿಜವಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿ ನಿಜವೆಂದೆ. ಅವರು ಬೈಯಲಿಲ್ಲ. ನೇರವಾಗಿ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಿ, ಪಳಗದವನನ್ನು ಒಬ್ಬನೇ ನಿಲ್ಲಿಸಿ ಹೋದದ್ದು ತಮ್ಮ ತಪ್ಪು, ತರ್ಜುಮೆ ಕೆಟ್ಟಿದ್ದು ತಮ್ಮಿಂದ ಎಂದು ಬರೆದುಕೊಟ್ಟರು. ಮರುವಿಚಾರಣೆಯಾಗಿ ಕೆಂಚ ಇಪ್ಪತ್ತಮೂರನೆಯ ದಿನ ಬಿಡುಗಡೆಯಾದ. ಗೌಡರ ಸೇವಾ ಪುಸ್ತಕದಲ್ಲಿ ಮಾತ್ರ ಕಪ್ಪು ಗೆರೆ ಬಿತ್ತು. ಮುಖ್ಯ ದುಭಾಷಿಯ ಹುದ್ದೆ ತೆರವಾದಾಗ ಅದೇ ಗೆರೆ ಅವರಿಗೆ ಅಡ್ಡ ಬಂದು, ಆ ಹುದ್ದೆ ನನಗೆ ದಕ್ಕಿತು. ನಾನು ಬಾಯಿ ಬಿಡಲಿಲ್ಲ. ಹಾರ ಹಾಕಿಸಿಕೊಂಡು ನಕ್ಕೆ.

ಕೆಂಚ ಬಿಡುಗಡೆಯಾದ ದಿನಗಳಲ್ಲೇ ಒಮ್ಮೆ ಗೌಡರ ಕಾಲು ಹಿಡಿಯಹೋದಾಗ, "ನನಗಲ್ಲ. ಮಾಸಿನಗುಡಿಗೆ ಹೋಗು, ಅವನ ಮುಂದೆ ಹೇಳು," ಎಂದಿದ್ದರು. ನಾಳೆ ಹೋಗುತ್ತೇನೆಂದೆ. ಆ ನಾಳೆ ಬರುವುದಕ್ಕೆ ಇಪ್ಪತ್ತೊಂದು ವರ್ಷ ಹಿಡಿಯಿತು.

ಈ ಲೇಖನಕ್ಕೆಂದು ಕುಳಿತಾಗ ಒಂದು ಸಾಲೂ ಹೊರಡದೆ, ಕಳೆದ ತಿಂಗಳು ಕೊನೆಗೂ ಇಳಿದು ಹೋದೆ. ಕೆಂಚ ಮನೆಯ ಮುಂದೆ ಬಿದಿರು ಸೀಳುತ್ತಿದ್ದ. ಜೈಲಿನಿಂದ ಬಂದವನು ಯಾರ ಹೊಲಕ್ಕೂ ಮೊದಲ ಹಿಡಿ ಕೊಯ್ಯಲು ಹೋಗಲೇ ಇಲ್ಲವೆಂದು ಜೋಗಮ್ಮ ಹೇಳಿದಳು. ಅವನ ಮಾತನ್ನು ನುಂಗಿದವನು ನಾನೇ ಎಂದು ಹೇಳಿದೆ. ಕೆಂಚ ಕತ್ತಿಯನ್ನು ಕೆಳಗಿಟ್ಟ.

"ನೀನಾ? ಮಾದ ಗೌಡ್ರು ತಪ್ಪು ನಂದು ಅಂದ್ರಲ್ಲ. ಈ ಕಡೆ ಕ್ಯಾಂಪು ಬಂದಾಗೆಲ್ಲ ಬಂದು ಅದೇ ಹೇಳೋರು."

ಆಮೇಲೆ ಒಳಗೆ ತಿರುಗಿ ಹೆಂಡತಿಗೆ, "ಜೋಗಮ್ಮ, ಅವ್ರು ಬಂದಾಗ ಒಂದು ದಿನವಾದ್ರೂ ಕೂರಿ ಅಂದೆನಾ? ಬಾಗ್ಲಲ್ಲೇ ನಿಲ್ಸಿ ಕಳಿಸ್ದೆನಲ್ಲ, ಇಷ್ಟು ವರ್ಸ," ಎಂದವನು ಮುಖ ಮುಚ್ಚಿಕೊಂಡ. ಮಾಡಿದವನು ನಾನು, ನಾಚಿಕೆಪಟ್ಟವನು ಅವನು.

ಸೇವಾ ಪುಸ್ತಕದ ಆ ಗೆರೆ ನನ್ನ ಹೆಸರಿಗೆ ಬರಬೇಕೆಂದು ಮೇಲಿನವರಿಗೆ ಬರೆದುಕೊಟ್ಟಿದ್ದೇನೆ. ಅವರೇನು ಮಾಡಿದರೂ ಸರಿಯೇ. ಗೌಡರು ಇನ್ನೂ ಬಹುಕಾಲ ಆರೋಗ್ಯದಿಂದಿದ್ದು, ಈಗ ಕೋರ್ಟಿಗೆ ಬರುತ್ತಿರುವ ಹೊಸಬರಿಗೂ ಪಾಠ ಹೇಳಬೇಕೆಂಬುದು ಎಲ್ಲರ ಆಸೆ. ಆದರೆ ಅವರ ಆಯುಸ್ಸಿಗೆ ಹಾರೈಸುವ ಮುಖ ನನಗಿಲ್ಲ. ಅಭಿನಂದನೆಯ ದಿನ ಕೆಂಚ ಮಾಸಿನಗುಡಿಯಿಂದ ಬೆಟ್ಟ ಹತ್ತಿ ಬರುತ್ತೇನೆಂದಿದ್ದಾನೆ. ಹಾರೈಕೆಯನ್ನು ಅವನೇ ಹೇಳಲಿ.