ಜಡ್ಜ್ ಸಾಹೇಬರಿಗೆ ವಂದನಾರ್ಪಣೆ

ವಂದನಾರ್ಪಣೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಅದು ಶುರುವಾಗುವ ಹೊತ್ತಿಗೆ ಅರ್ಧ ಸಭೆ ಎದ್ದು ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತಿರುತ್ತದೆ. ಬಹುಶಃ ಅದಕ್ಕೇ ಅದನ್ನು ಹೆಂಗಸರಿಗೆ ಬಿಟ್ಟಿದ್ದರು. ಪ್ರಾರ್ಥನೆ ಹಾಡುವುದು, ಆರತಿ ಎತ್ತುವುದು, ಕೊನೆಗೆ ಎಲ್ಲರಿಗೂ ವಂದನೆ ಹೇಳುವುದು. ವೇದಿಕೆಯ ಮೇಲೆ ನಮಗಿದ್ದ ಕೆಲಸ ಇಷ್ಟೇ. ತೊಂಬತ್ತರ ದಶಕದಲ್ಲಿ ಒಂದು ವರ್ಷ ಸಂಘದ ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಎರಡೂ ಊರಿನವರು ಸೇರಿ ಸ್ಯಾನ್ ಡಿಯಾಗೋದಲ್ಲಿ ರಾಜ್ಯೋತ್ಸವ ಮಾಡಿದಾಗ ವಂದನಾರ್ಪಣೆ ಲಾಸ್ ಏಂಜಲೀಸ್ ಕಡೆಯವರ ಪಾಲಿಗೆ, ಅಂದರೆ ನನ್ನ ಪಾಲಿಗೆ ಬಂತು.

ನಾವಿದ್ದದ್ದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ. ಉಡುಪಿ ಕಡೆಯವಳಾದ ನಾನು ಹಿತ್ತಲಿನಲ್ಲಿ ಬಸಳೆ ಚಪ್ಪರ ಹಾಕಿಕೊಂಡಿದ್ದೆ. ಬೇಲಿಯಾಚೆ ಲೋಹದ ಸಾಮಾನಿಗೆ ಮೆರುಗು ಕೊಡುವ ಒಂದು ಕಾರ್ಖಾನೆ. ಅವರು ಬಳಸಿದ ರಾಸಾಯನಿಕವನ್ನೆಲ್ಲ ಹಿಂಭಾಗದ ಮಣ್ಣಿಗೇ ಸುರಿಯುತ್ತಿದ್ದಾರೆಂದು ಗೊತ್ತಾದ ಮೇಲೆ, ಮಣ್ಣು ಪರೀಕ್ಷೆ ಮಾಡಿದವರು ಹಿತ್ತಲಿನಲ್ಲಿ ಬೆಳೆದದ್ದನ್ನು ತಿನ್ನಬೇಡಿ ಎಂದರು. ಚಪ್ಪರವನ್ನು ನಾನೇ ಕಿತ್ತು ಹಾಕಿದೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಮಗಳಿಗೆ ಉಸಿರು ಕಟ್ಟುತ್ತಿತ್ತು. ಇನ್‌ಹೇಲರ್ ಇಲ್ಲದೆ ಅವಳು ಶಾಲೆಗೆ ಹೋದದ್ದೇ ಇಲ್ಲ.

ಬೀದಿಯವರೆಲ್ಲ ಸೇರಿ ಕೇಸ್ ಹಾಕಿದೆವು. ಜಡ್ಜ್ ಅದನ್ನು ವಿಚಾರಣೆಯವರೆಗೂ ಬರಗೊಡದೆ ವಜಾ ಮಾಡಿದರು. ಕಾಯಿಲೆಗೆ ಕಾರ್ಖಾನೆಯೇ ಕಾರಣ ಎನ್ನುವುದಕ್ಕೆ ಆಧಾರ ಸಾಲದಂತೆ. ಆಧಾರ ತೋರಿಸಲಿಕ್ಕೆ ಬಿಟ್ಟರೆ ತಾನೆ? ಇದು ನಮ್ಮೊಬ್ಬರ ಕಥೆಯಲ್ಲ ಎಂದು ಆಮೇಲೆ ತಿಳಿಯಿತು. ಹೊಗೆಯ ಕೇಸಿರಲಿ, ಕೊಳಚೆ ನೀರಿನ ಕೇಸಿರಲಿ, ಆ ಮನುಷ್ಯನ ಮುಂದೆ ಕಂಪನಿಗಳು ಸೋತದ್ದನ್ನು ಯಾರೂ ನೋಡಿರಲಿಲ್ಲ.

ಅಂಥವರ ಹೆಸರನ್ನು ಸರ್ಕಾರ ಮೇಲಿನ ಕೋರ್ಟಿಗೆ ಸೂಚಿಸಿತು. ಸೆನೆಟ್ ಒಪ್ಪಿಬಿಟ್ಟರೆ ಬದುಕಿರುವವರೆಗೂ ಆ ಕುರ್ಚಿ ಅವರದ್ದೇ. ಬೇಡ ಎಂದು ಸೆನೆಟಿಗೆ ಪತ್ರ ಬರೆದೆವು. ಸಂಘ ಸಂಸ್ಥೆಗಳೂ ಸಹಿ ಹಾಕಿದರೆ ತೂಕ ಬರುತ್ತದೆ ಎಂದು ವಕೀಲರು ಹೇಳಿದ್ದರಿಂದ ನಮ್ಮ ಕನ್ನಡ ಸಂಘದ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅವರು ಬೆಂಗಳೂರಿನವರು, ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯಲ್ಲಿ ಸ್ವಂತ ಕಂಪನಿ, ಅಲ್ಲೇ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ದೊಡ್ಡ ಮನೆ.

"ನೋಡಿ ಮೇಡಂ, ಈ ಪಾಲಿಟಿಕ್ಸ್ ಎಲ್ಲ ನಮಗ್ಯಾಕೆ? ನಮ್ದು ಕಲ್ಚರಲ್ ಸಂಘ."

"ಎಂತ ಪಾಲಿಟಿಕ್ಸ್ ಮಾರಾಯ್ರೆ? ನನ್ನ ಮಗಳಿಗೆ ಉಸಿರಾಡ್ಲಿಕ್ಕೆ ಆಗುದಿಲ್ಲ."

"ಅಯ್ಯೋ, ಅದು ಬೇರೆ ವಿಷ್ಯ. ನನಗೆ ಗೊತ್ತಿರೋ ಒಳ್ಳೇ ಡಾಕ್ಟರ್ ಇದಾರೆ, ನಂಬರ್ ಕೊಡ್ಲಾ?"

ಡಾಕ್ಟರ್ ನಂಬರ್! ಫೋನ್ ಕುಕ್ಕಿದೆ. ಸೋಫಾದಲ್ಲಿದ್ದ ನನ್ನ ಗಂಡ, "ಹೋಗ್ಲಿ ಬಿಡು, ಅವರ ಕಷ್ಟ ಅವರಿಗೆ" ಎಂದು ಬಾಯಿ ಹಾಕಿ, ಅಧ್ಯಕ್ಷರಿಗೆ ಸಲ್ಲಬೇಕಾದ ಬೈಗುಳವನ್ನೂ ತಾವೇ ತಿಂದರು.

ರಾಜ್ಯೋತ್ಸವದ ದಿನ ರೇಷ್ಮೆ ಸೀರೆ ಉಟ್ಟು, ಚಿತ್ರಾನ್ನದ ಪಾತ್ರೆಯನ್ನು ಕಾಲ ಹತ್ತಿರ ಇಟ್ಟುಕೊಂಡು, ದಾರಿಯುದ್ದಕ್ಕೂ ಟ್ರಾಫಿಕ್ಕನ್ನು ಶಪಿಸುತ್ತ ಹೋದೆ. ಮುಖ್ಯ ಅತಿಥಿ ಯಾರೆಂದು ಯಾರಿಗೂ ಹೇಳಿರಲಿಲ್ಲ, ಸರ್‌ಪ್ರೈಸ್ ಅಂತೆ. ವೇದಿಕೆಯ ಹಿಂದೆ ಮೇಜಿನ ಮೇಲೆ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಸಾಲಾಗಿ ಕಾಯುತ್ತಿದ್ದವು. ಅಧ್ಯಕ್ಷರು ನಗುನಗುತ್ತ ಒಬ್ಬರನ್ನು ಒಳಗೆ ಕರೆತಂದರು. ಅದೇ ಜಡ್ಜ್.

ಅಧ್ಯಕ್ಷರನ್ನು ಪಕ್ಕಕ್ಕೆ ಎಳೆದೆ. "ನಾನು ಫೋನಲ್ಲಿ ಹೇಳಿದ್ದು ಇವರದ್ದೇ ಹೆಸರಲ್ವಾ?"

"ಇದ್ದಿರ್ಬೋದು ಮೇಡಂ, ಈಗ ಅದೆಲ್ಲ ಬೇಡ. ನಮ್ ಕಂಪನಿ ಲಾಯರ್ ಕಡೆಯಿಂದ ಸಿಕ್ಕಿದ್ರು. ಊಟಕ್ಕೆ ಮುಂಚೆ ಕಮಿಟಿ ಜೊತೆ ಒಂದು ಗ್ರೂಪ್ ಫೋಟೋ. ಅದ್ರ ಜೊತೆ ಸಂಘದ ಸಪೋರ್ಟ್ ಲೆಟರ್ ಇಟ್ಟು ಸೆನೆಟಿಗೆ ಕಳಿಸ್ತೀವಿ. ಇಂಥ ಕನೆಕ್ಷನ್ ಯಾರಿಗಿದೆ ಹೇಳಿ?"

ನನ್ನ ಮಗಳ ಉಸಿರಿನ ಪರವಾಗಿ ಸಹಿ ಹಾಕಿದರೆ ಪಾಲಿಟಿಕ್ಸ್. ಇದು ಮಾತ್ರ ಕಲ್ಚರ್!

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಅಮೆರಿಕನ್ ಅತಿಥಿ ಬಂದರೆ ಪಕ್ಕದಲ್ಲಿ ಇಲ್ಲೇ ಹುಟ್ಟಿದ ಮಕ್ಕಳಲ್ಲಿ ಒಬ್ಬರನ್ನು ಕೂರಿಸಿ, ವೇದಿಕೆಯ ಕನ್ನಡವನ್ನು ಅವರ ಕಿವಿಯಲ್ಲಿ ಇಂಗ್ಲಿಷಿಗೆ ಹೇಳಿಸುತ್ತಿದ್ದರು. ಹೈಸ್ಕೂಲಿನಲ್ಲಿದ್ದ ನನ್ನ ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತಿತ್ತು, ಆಡುತ್ತಿದ್ದುದು ಮಾತ್ರ ಇಂಗ್ಲಿಷ್. ಈ ಕೆಲಸಕ್ಕೆ ಅವಳೇ ಸರಿ ಎಂದು ಕಮಿಟಿ ಮೊದಲೇ ತೀರ್ಮಾನಿಸಿತ್ತು. ಲಂಗ ಬ್ಲೌಸ್ ತೊಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಆ ಜಡ್ಜ್ ಪಕ್ಕ ಕೂತಿದ್ದಳು. ಕೈಚೀಲದಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಪೇಟ ತೊಡಿಸಿದರು, ಶಾಲು ಹೊದಿಸಿದರು. ಚಪ್ಪಾಳೆ ಮುಗಿಯಿತು. ನನ್ನ ಸರದಿ ಬಂತು. ಎಂದಿನಂತೆ ಕುರ್ಚಿಗಳು ಸದ್ದು ಮಾಡತೊಡಗಿದವು.

ಪ್ರಾರ್ಥನೆ ಹಾಡಿದವರಿಗೆ, ಅಡುಗೆ ಮಾಡಿದವರಿಗೆ, ಮೈಕಿನವರಿಗೆ ವಂದನೆ ಹೇಳಿದೆ. ಆಮೇಲೆ ಹೇಳಿದೆ: "ಮುಖ್ಯ ಅತಿಥಿಗಳಿಗೆ ನಾನು ವಂದನೆ ಹೇಳುದಿಲ್ಲ. ಅವರ ಪಕ್ಕ ಕೂತವಳು ನನ್ನ ಮಗಳು. ನಮ್ಮ ಬೇಲಿ ಹತ್ರ ವಿಷ ಸುರಿದವರ ಮೇಲೆ ಕೇಸ್ ಹಾಕಿದ್ರೆ, ಇವರು ನಮ್ಮ ಮಾತು ಕೇಳದೆ ತೆಗೆದು ಬಿಸಾಡಿದ್ರು. ಇವರನ್ನು ಇನ್ನೂ ಮೇಲೆ ಕೂರಿಸಿ ಅಂತ ನಿಮ್ಮ ಹೆಸರಲ್ಲಿ ಸೆನೆಟಿಗೆ ಪತ್ರ ಹೋಗ್ಲಿಕ್ಕೆ ಉಂಟು. ನಿಮ್ಮನ್ನು ಯಾರಾದ್ರೂ ಕೇಳಿದ್ದಾರಾ? ನನ್ನನ್ನು ಕೇಳ್ಲಿಲ್ಲ. ನಾನು ಒಪ್ಪುದೂ ಇಲ್ಲ."

ಊಟದ ಸಾಲಿಗೆ ಹೊರಟವರು ನಿಂತಲ್ಲೇ ನಿಂತರು. ಅಧ್ಯಕ್ಷರ ಮುಖ ಇಂಗು ತಿಂದ ಮಂಗನಂತಾಯಿತು. ನಗುತ್ತಿದ್ದವರು ಜಡ್ಜ್ ಒಬ್ಬರೇ. ವಂದನೆ ತಮಗೇ ಎಂದುಕೊಂಡು ನನ್ನ ಕಡೆ ಕೈ ಜೋಡಿಸಿದರು. ಹಾಗೆ ಮಾಡಬೇಕೆಂದು ಯಾರೋ ಹೇಳಿಕೊಟ್ಟಿರಬೇಕು. ಆಮೇಲೆ, ಏನೆಂದರು ಎಂದು ಕೇಳುವಂತೆ ಮಗಳ ಕಡೆ ಬಾಗಿದರು.

ಅವಳು ನನ್ನನ್ನು ನೋಡಿದಳು. ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದಳು: "ಶಿ ಈಸ್ ನಾಟ್ ಥ್ಯಾಂಕಿಂಗ್ ಯೂ, ಸರ್."

ಆಮೇಲೆ ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ನಡುವೆ ಕೆಮ್ಮು ಬಂತು. ಕೈಚೀಲದಿಂದ ಇನ್‌ಹೇಲರ್ ತೆಗೆದು ಎಳೆದುಕೊಂಡು ಉಳಿದದ್ದನ್ನೂ ಹೇಳಿ ಮುಗಿಸಿದಳು. ವಿಚಾರಣೆಯೇ ಆಗದ ನಮ್ಮ ಕೇಸನ್ನು ಆ ಮನುಷ್ಯ ಅವತ್ತು ಕೂತು ಕೇಳಬೇಕಾಯಿತು.

ಅವರು ಪೇಟ ತೆಗೆದು ಹಣ್ಣಿನ ಬುಟ್ಟಿಯ ಮೇಲಿಟ್ಟು ಎದ್ದು ಹೋದರು. ಗ್ರೂಪ್ ಫೋಟೋ ಆಗಲಿಲ್ಲ. ನಿಮ್ಮ ಪತ್ರ ಬೇಡ ಎಂದು ಅವರ ಕಡೆಯಿಂದಲೇ ಹೇಳಿ ಕಳಿಸಿದರಂತೆ. "ಮರ್ಯಾದೆ ತೆಗೆದ್ರಿ ಮೇಡಂ" ಎಂದರು ಅಧ್ಯಕ್ಷರು. ಇದ್ದರೆ ತಾನೆ ತೆಗೆಯುವುದು ಎಂದೆ.

ಸೆನೆಟ್ ಅವರನ್ನು ಒಪ್ಪಿತು. ಆ ಕುರ್ಚಿಯಲ್ಲಿ ಅವರು ಕೂತರು, ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಹಿತ್ತಲಿನಲ್ಲಿ ನಾನು ಮತ್ತೆ ಬಸಳೆ ಹಾಕಲಿಲ್ಲ. ಸಂಘದಲ್ಲಿ ಮಾತ್ರ ಒಂದು ಬದಲಾವಣೆ ಆಯಿತು: ಮರುವರ್ಷದಿಂದ ವಂದನಾರ್ಪಣೆಯನ್ನು ಅಧ್ಯಕ್ಷರೇ ಮಾಡತೊಡಗಿದರು. ಅವರು ಮೈಕ್ ಹಿಡಿದ ಕೂಡಲೇ ಎಲ್ಲರಿಗಿಂತ ಮೊದಲು ಊಟಕ್ಕೆ ಏಳುತ್ತಿದ್ದವರು ನಾನು ಮತ್ತು ನನ್ನ ಮಗಳು.