ಹಳೆಯ ಈಥರ್

ನನ್ನ ರಸಾಯನಶಾಸ್ತ್ರದ ಪಿಎಚ್.ಡಿ. ಪ್ರಬಂಧ ಟೈಪಿಗೆ ಹೋಗಿದ್ದ ವಾರ ಅದು. ನಮ್ಮ ಗೈಡು ಸಮಿತಿ, ಸಭೆ ಎಂದು ಊರೂರು ತಿರುಗುತ್ತಿದ್ದರು. ತಿಂಗಳಿಗೊಮ್ಮೆ ಬಂದು, ಲ್ಯಾಬಿನ ಬಾಗಿಲಲ್ಲೇ ನಿಂತು, "ನಡೀತಿದೆಯೇನ್ರೀ?" ಎಂದು ಕೇಳಿ ಹೋಗುವರು. ಐದು ವರ್ಷ ನಾನು ಕಲಿತದ್ದೆಲ್ಲ ಹಿಂದಿನವರು ಬಿಟ್ಟುಹೋದ ನೋಟ್‌ಬುಕ್ಕುಗಳಿಂದ.

ಅಂದು ಪಕ್ಕದ ಮೇಜಿನ ಗೆಳೆಯ ಹಳೇ ಸೀಸೆಯ ಈಥರನ್ನು ಕಾಯಿಸಿ ಬಟ್ಟಿ ಇಳಿಸುತ್ತಿದ್ದ. "ತಳದಲ್ಲಿ ಒಂಚೂರು ಉಳಿದಿದೆ. ಪೂರ್ತಿ ಇಳಿಸ್ಲಾ, ಡಾಕ್ಟ್ರೇ?" ಎಂದು ರೇಗಿಸಿದ. ಹಾಗೆ ಪೂರ್ತಿ ಇಳಿಸಬಾರದೆಂದು ನೋಟ್‌ಬುಕ್ಕುಗಳಲ್ಲಿ ಎಲ್ಲೂ ಇರಲಿಲ್ಲ.

"ಇಳಿಸೋ, ಸುಮ್ನೆ ಯಾಕೆ ದಂಡ ಮಾಡ್ತೀಯ" ಎಂದೆ.

ಫ್ಲಾಸ್ಕು ಸಿಡಿಯಿತು. ಈಗಲೂ ಎಲ್ಲಾದರೂ ಪಾತ್ರೆ ಬಿದ್ದರೆ ಸಾಕು, ಅವನು ಮುಖ ಮುಚ್ಚಿಕೊಂಡು ಕುಸಿಯುವುದು ಕಾಣುತ್ತದೆ.

ಚಾಮರಾಜಪೇಟೆಯ ಅವನ ಮನೆಗೆ ನೋಡಲು ಹೋದಾಗ ಎಡಗಣ್ಣು ಹೋಗಿತ್ತು. ಅವನ ತಾಯಿ ಕಾಫಿ ಕೊಟ್ಟು, "ನೀನು ಇಷ್ಟು ಓದಿದೋನು, ಹೇಳು. ಅದ್ಯಾಕಪ್ಪ ಸಿಡೀತು?" ಎಂದರು.

ಹಳೆಯ ಈಥರಿನಲ್ಲಿ ಸ್ಫೋಟಕ ಹುಟ್ಟಿಕೊಂಡು ತಳದಲ್ಲಿ ಉಳಿಯುತ್ತದೆಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅಂದು, "ಗೊತ್ತಿಲ್ಲಮ್ಮ" ಎಂದೆ.

ಅವರು ನಂಬಲಿಲ್ಲ. "ಇವನದೇ ತಪ್ಪಿರತ್ತೆ. ನೀನು ಮುಚ್ಚಿಡ್ತಿದೀಯ" ಎಂದು ಮಗನತ್ತ ನೋಡಿದರು. ಅವನು ತಲೆ ತಗ್ಗಿಸಿದ. ಇಳಿಸು ಅಂದವನು ನಾನು ಎನ್ನಲು ನನಗೆ ಬಾಯಿ ಬರಲಿಲ್ಲ.