ಗಿಲಕಿ ತುಂಬಿದ ಮಚ್ಚು

ನಾನು ಓದು ನಿಲ್ಲಿಸಿದ್ದು ೧೯೯೮ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಅಲ್ಲಿಂದಾಚೆಗೆ ಶಾಲೆಯ ಕಾಂಪೌಂಡಿನೊಳಗೆ ಕೂತು ಒಬ್ಬರ ಮಾತು ಕೇಳಿದ್ದೇನೆ ಅಂದರೆ ಅದು ಆ ಮೇಡಂ ಒಬ್ಬರದೇ. ಹತ್ತಿ ಸೀರೆ, ಕಾಲಿಗೆ ಗಂಡಸರು ಹಾಕುವಂಥ ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಮಾಂಗಲ್ಯದ ಸರದ ಜೊತೆಗೇ ಕಪ್ಪು ದಾರಕ್ಕೆ ಕಟ್ಟಿದ ಸ್ಟೀಲಿನ ವಿಷಲ್. ಮೊದಲ ಸಲ ನೋಡಿದಾಗ ಆಟದ ಟೀಚರ್ ಇರಬೇಕು ಅಂದುಕೊಂಡೆ. ಅವರು ನನ್ನ ಮಗನಿಗೆ ಇಂಗ್ಲಿಷ್ ಹೇಳಿಕೊಡುವವರು.

ಊರು ಕನಕಪುರದ ಕಡೆ. ದಿನಾ ಬಸ್ಸಿನಲ್ಲಿ ಚನ್ನಪಟ್ಟಣಕ್ಕೆ ಬಂದು ಹೋಗುತ್ತಿದ್ದರು. ರಿಟೈರಾಗುವ ವಯಸ್ಸು ಹತ್ತಿರವಾಗಿತ್ತು. ಟೀ ಕೊಟ್ಟರೆ ಅರ್ಧ ಕುಡಿದು, ಇನ್ನರ್ಧವನ್ನು ಮಾತಿನ ಭರದಲ್ಲಿ ಆರಲು ಬಿಟ್ಟು, ಕೊನೆಗೆ ಆರಿದ್ದನ್ನೇ ಕುಡಿಯುತ್ತಿದ್ದರು. ಯಾವುದನ್ನೂ ಚೆನ್ನಾಗಿದೆ ಅಂದವರಲ್ಲ. ತುಂಬಾ ಮೆಚ್ಚಿದರೆ "ನಡೀತದೆ" ಅನ್ನುತ್ತಿದ್ದರು. ಮಕ್ಕಳು ಆ ಒಂದು ಮಾತಿಗೆ ವಾರಗಟ್ಟಲೆ ಬೆವರು ಸುರಿಸುತ್ತಿದ್ದರು.

ಅವರು ನಾಟಕ ಕಟ್ಟಿದ್ದು ಒಂದು ಹೊಡೆದಾಟದ ನಂತರ. ನಮ್ಮ ಗೊಂಬೆ ಕೆಲಸದವರ ಬೀದಿಗೂ ರೇಷ್ಮೆ ನೂಲು ತೆಗೆಯುವವರ ಬೀದಿಗೂ ಹಿರಿಯರ ಕಾಲದಲ್ಲಿ ಏನೂ ಇರಲಿಲ್ಲ. ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುತ್ತಿದ್ದೆವು. ಹುಡುಗರಿಗೆ ಮೊಬೈಲು ಬಂದ ಮೇಲೆ ಶುರುವಾಯಿತು. ಇವನು ಸ್ಟೇಟಸ್ ಹಾಕಿದ, ಅವನು ಅದಕ್ಕೊಂದು ಮಾತು ಬರೆದ, ಬೈಕ್ ಅಡ್ಡ ಹಾಕಿದರು. ಹೈವೇ ಪಕ್ಕದ ಟೀ ಅಂಗಡಿಯ ಮುಂದೆ ಮಚ್ಚು ಬೀಸಿಯೇಬಿಟ್ಟರು. ನಮ್ಮ ಬೀದಿಯ ಹುಡುಗನೊಬ್ಬನಿಗೆ ಏಟು ಬಿತ್ತು. ಇವತ್ತಿಗೂ ಅವನ ಬಲಗೈ ಬೆರಳುಗಳು ಮಡಚುವುದಿಲ್ಲ. ಅವನು ನನ್ನ ಮಗನ ಗೆಳೆಯ, ಮೇಡಂ ಕ್ಲಾಸಿನವನು.

ಶಾಲೆಯಲ್ಲಿ ಪೊಲೀಸರು ಬಂದು ಭಾಷಣ ಮಾಡಿದರು. ಮೇಡಂ ಭಾಷಣ ಮಾಡಲಿಲ್ಲ. ಕಾಲೇಜಿನಲ್ಲಿ ತಾವು ಓದಿದ್ದ ಇಂಗ್ಲೆಂಡಿನ ಒಂದು ಹಳೆಯ ನಾಟಕ ತೆಗೆದರು. ನಾನೂರು ವರ್ಷದ ಹಿಂದಿನದಂತೆ. ಎರಡು ಮನೆಯವರ ಹಗೆ, ಯಾಕೆ ಶುರುವಾಯಿತೆಂದು ಯಾರಿಗೂ ನೆನಪಿಲ್ಲ, ಸಾಯುವವರು ಮಾತ್ರ ಹುಡುಗರು. ಮೇಡಂ ಅದಕ್ಕೆ ಪ್ಯಾಂಟು ಶರ್ಟು ತೊಡಿಸಿ, ಬೈಕು ಮೊಬೈಲು ಕೊಟ್ಟು, ನಮ್ಮ ಭಾಷೆ ಆಡಿಸಿದರು. ನನ್ನ ಮಗನೂ ಸೇರಿದಂತೆ ಎರಡೂ ಬೀದಿಯ ಮಕ್ಕಳನ್ನು ಒಟ್ಟುಮಾಡಿ, ಆ ತಂಡಕ್ಕೆ ಕಂಪನಿ ಅಂತ ಹೆಸರಿಟ್ಟರು. ಕಂಪನಿಗೆ ಒಂದು ಕಟ್ಟಳೆಯಿತ್ತು. ನಾಟಕದಲ್ಲಿ ಹೊಡೆದಾಡುವ ಇಬ್ಬರು ಊರೂರಿಗೆ ಹೋಗುವ ಟೆಂಪೊದಲ್ಲಿ ಪಕ್ಕಪಕ್ಕ ಕೂರಬೇಕು, ಒಂದೇ ಡಬ್ಬಿಯಲ್ಲಿ ಊಟ ಮಾಡಬೇಕು.

ಅದೇ ಸಮಯದಲ್ಲಿ ನನ್ನ ಮನೆಯಲ್ಲಿ ಇನ್ನೊಂದು ನಡೆದಿತ್ತು. ಬೈಕ್ ತೊಳೆಯೋಣ ಅಂತ ಸೀಟು ಎತ್ತಿದರೆ ಕೆಳಗೆ ಗೋಣಿ ಚೂರಿನಲ್ಲಿ ಸುತ್ತಿದ ಮಚ್ಚು. ಮಗನನ್ನು ಕರೆದು ಕೇಳಿದೆ. "ನಿಂಗ್ಯಾಕೆ, ಬುಡು" ಅಂದ. ಕೈ ಎತ್ತಿದೆ. ಅವನು ಮಚ್ಚು ಕಿತ್ತುಕೊಂಡು ಓಡಿದ. ವಾಪಸು ಬಂದಾಗ ಕೈ ಖಾಲಿ. ಎಲ್ಲಿಟ್ಟೆ ಅಂದರೆ ಬಾಯಿ ಬಿಡಲಿಲ್ಲ. ಆ ಮೇಲೆ ಅವನು ಮನೆಯಿಂದ ಹೊರಟಾಗೆಲ್ಲ, ತಿರುಗಿ ಬರುವವರೆಗೂ ನನಗೆ ಅದೇ ಯೋಚನೆ. ಯಾರಿಗೂ ತಲೆ ಬಾಗಿಸದೆ, ಯಾರ ಹತ್ತಿರವೂ ಕೈ ಚಾಚದೆ ದುಡಿದು ಬದುಕಿದವನು ನಾನು. ಮಗನ ಮುಂದೆ ಸೋತು ಕೂತೆ.

ಹಾಗಿರುವಾಗ ಮೇಡಂ ನಾನು ಗೊಂಬೆ ಕಡೆಯುವ ಲೇತಿನ ಶೆಡ್ಡಿಗೆ ಬಂದು, ಮಗನ ಹೆಸರು ಹೇಳಿ ಕೇಳಿದರು.

"ನೀವು ಅವನ ತಂದೆ ತಾನೆ? ನಂಗೆ ಆರು ಮಚ್ಚು ಬೇಕಾಗಿತ್ತು."

ಮೈ ಉರಿಯಿತು. "ನಾವು ಗೊಂಬೆ ಮಾಡೋರು ಮೇಡಂ. ಮಚ್ಚು ಬೇಕಾದ್ರೆ ಕುಲುಮೆಗೆ ಹೋಗಿ."

"ಕುಲುಮೇಲಿ ಮಾಡೋದು ಕಡೀತದಲ್ಲ? ಕಡೀದೇ ಇರೋದು ಬೇಕು. ಅದು ನಿಮ್ ಕೈಲೇ ಆಗ್ಬೇಕು."

ನನ್ನ ಕೈಲೇ ಆಗಬೇಕು ಅಂದಿದ್ದಕ್ಕೆ ಒಪ್ಪಿಕೊಂಡೆ, ಸುಳ್ಳು ಯಾಕೆ ಹೇಳಲಿ. ಗೊಂಬೆಗೆ ಬಳಸುವ ಆಲೆ ಮರದ ಹಲಗೆ ಕೊಯ್ದು ಅಲಗು ಮಾಡಿದೆ. ಹಿಡಿಯನ್ನು ಲೇತಿನಲ್ಲಿ ಕಡೆದೆ. ಅಲಗಿಗೆ ಬೆಳ್ಳಿ ಬಣ್ಣ, ಹಿಡಿಗೆ ಕಪ್ಪು ಅರಗು. ಪಕ್ಕದ ಶೆಡ್ಡಿನವನು ನೋಡಿ, "ಏನ್ಲಾ, ದಂಧೆ ಬದಲಾಯಿಸ್ದಾ?" ಅಂತ ಹಿಂದಕ್ಕೆ ಸರಿದ. ಅಷ್ಟು ನಿಜದ ಹಾಗಿದ್ದವು.

ಮೊದಲ ಆಟ ಬಿಡದಿಯ ಒಂದು ಶಾಲೆಯಲ್ಲಿ. ನಾನು ಹೋಗಿರಲಿಲ್ಲ. ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬಂದ ಅಪ್ಪಂದಿರು, ತಾಯಂದಿರು, ಮಕ್ಕಳು ಎಲ್ಲ ಸೇರಿದ್ದರಂತೆ. ಹುಡುಗರು ನನ್ನ ಮಚ್ಚುಗಳನ್ನು ಹೊರಗೆ ತೆಗೆದ ಕೂಡಲೇ ಇಡೀ ಹಾಲ್ ಶಿಳ್ಳೆ ಹೊಡೆಯಿತಂತೆ. "ಹಾಕ್ಲಾ, ಹಾಕು!" ಅಂತ ಹಿಂದಿನಿಂದ ಕೂಗಿದರಂತೆ. ನನ್ನ ಮಗ ಎದೆ ಉಬ್ಬಿಸಿಕೊಂಡು ಮಚ್ಚನ್ನು ಇನ್ನೊಂದು ಸುತ್ತು ತಿರುಗಿಸಿದನಂತೆ. ಮೇಡಂ ಆಗ ವಿಷಲ್ ಊದಿ, ಅರ್ಧಕ್ಕೇ ಪರದೆ ಎಳೆಸಿ, ಎಲ್ಲರನ್ನೂ ಟೆಂಪೊ ಹತ್ತಿಸಿಕೊಂಡು ಬಂದುಬಿಟ್ಟರು.

ಮಾರನೇ ದಿನ ಮತ್ತೆ ಶೆಡ್ಡಿಗೆ ಬಂದರು. ಈ ಸಲ ‘ನೀವು’ ಹೋಗಿ ‘ನೀನು’ ಆಗಿತ್ತು.

"ನಿನ್ ಕೆಲ್ಸ ಜಾಸ್ತಿ ಚೆನ್ನಾಗಾಗೋಯ್ತು ಕಣಪ್ಪ. ನಾನು ಹೆದರಿಸ್ಬೇಕು ಅಂತ ಹೋದೆ, ನೀನು ಆಸೆ ಹುಟ್ಟುಸ್ದೆ."

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಅವರು ಕಪಾಟಿನ ಮೇಲಿದ್ದ ಕೂಸುಗಳ ಗಿಲಕಿ ಒಂದನ್ನು ಎತ್ತಿಕೊಂಡರು. ಕೆಂಪು, ಹಳದಿ, ಹಸಿರು ಪಟ್ಟೆಯದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಂದು ಸಲ ಅಲ್ಲಾಡಿಸಿದರು. ಟೀ ಆರಿಹೋಯಿತು.

"ಈ ಸದ್ದನ್ನ ಆ ಮಚ್ಚಿನೊಳಕ್ಕೆ ತುಂಬಕ್ಕಾಯ್ತದಾ? ಬಣ್ಣಾನೂ ಇದೇ ಇರ್ಲಿ."

"ಮೇಡಂ, ಮಚ್ಚು ಗಿಲಗಿಲ ಅಂದ್ರೆ ಜನ ನಗ್ತಾರೆ."

"ನಗ್ಲಿ. ಅವ್ರು ನಗ್ತಾ ಇರೋವಾಗ್ಲೇ ಹುಡುಗ ಸಾಯ್ಲಿ."

ಬೆಳ್ಳಿ ಬಣ್ಣದ ಕೆಲಸವನ್ನು ಹಾಳು ಮಾಡಲು ನನಗೆ ಮನಸ್ಸಿರಲಿಲ್ಲ. ಆದರೂ ಅವರ ಆ ಮಾತು ಕಿವಿಯಲ್ಲೇ ಉಳಿಯಿತು. ಹಿಡಿಗಳನ್ನು ದಪ್ಪ ಮಾಡಿ, ಒಳಗೆ ಕೊರೆದು, ಗಿಲಕಿಗೆ ಹಾಕುವ ಕಾಳುಗಳನ್ನೇ ಹಾಕಿ ಮುಚ್ಚಿದೆ. ಲೇತಿನಲ್ಲಿ ತಿರುಗುವ ಹಿಡಿಗೆ ಅರಗಿನ ಕಡ್ಡಿ ಒತ್ತಿ ಪಟ್ಟೆ ಎಳೆದೆ. ಅಲಗಿಗೂ ಹಳದಿ ಹೊಡೆದೆ.

ಮಗ ನೋಡಿ ಎಗರಾಡಿದ. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮಾತು ಅದೇ. "ಅಪ್ಪ, ಇದ್ನ ಹಿಡ್ಕಂಡು ನಿಂತ್ರೆ ನನ್ ಮರ್ವಾದೆ ಏನಾಯ್ತದೆ?"

ಇದು ಮೇಡಂ ಕಿವಿಗೂ ಹೋಯಿತು. ಅವರು ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಕೇಳಿದರಂತೆ: "ಏನಪ್ಪ ವೀರಾಧಿವೀರ, ನಿನ್ ಮರ್ಯಾದೆ ಮಚ್ಚಿನ ಬಣ್ಣದಲ್ಲೈತಾ? ಹಂಗಾದ್ರೆ ಎರಡು ಕೋಟಿಂಗ್ ಜಾಸ್ತಿ ಹೊಡ್ಸಣ ಬಾ."

ಮುಂದಿನ ಆಟ ಮರಳವಾಡಿಯಲ್ಲಿ. ಹೋಗುವ ದಾರಿಯಲ್ಲಿ ಹಿಡಿ ಬಿರುಕು ಬಿಟ್ಟರೆ ಕಷ್ಟ ಅಂತ ಮೇಡಂ ನನ್ನನ್ನೂ ಟೆಂಪೊ ಹತ್ತಿಸಿದರು. ನನ್ನ ಮಗನ ಪಕ್ಕದಲ್ಲಿ ರೇಷ್ಮೆ ಬೀದಿಯ ಹುಡುಗ. ಸೇಡಿಗೆ ನಮ್ಮ ಹುಡುಗರ ಕಣ್ಣು ಅವನ ಮೇಲೇ ಇದೆ ಅನ್ನುವುದು ಬೀದಿಗೇ ಗೊತ್ತಿತ್ತು. ನಾಟಕದಲ್ಲಿ ಜಗಳ ಬಿಡಿಸಲು ಬಂದು ನನ್ನ ಮಗನ ಕೈಯಲ್ಲಿ ಸಾಯುವವನೂ ಅವನೇ. ಇಬ್ಬರ ನಡುವೆ ಒಂದೇ ಡಬ್ಬಿ ಚಿತ್ರಾನ್ನ. ಕನಕಪುರ ದಾಟುವವರೆಗೂ ಇಬ್ಬರೂ ಮುಟ್ಟಲಿಲ್ಲ. ಆಮೇಲೆ ಹಸಿವು ತಡೆಯದೆ ತಿಂದರು, ಮುಖ ಆಚೆ ಈಚೆ ತಿರುಗಿಸಿಕೊಂಡು.

ಶಾಲೆಯ ಜಗಲಿಯೇ ರಂಗ. ಸಂಜೆ ಬಿಸಿಲು ಇನ್ನೂ ಇತ್ತು. ಹೊಲದಿಂದ ಬಂದವರು ಹಾಗೇ ಅಂಗಳದಲ್ಲಿ ಕೂತಿದ್ದರು. ಹಳದಿ ಮಚ್ಚು ಹೊರಗೆ ಬಂದವು. ಗಿಲಗಿಲ ಅಂದವು. ನಾನು ಹೇಳಿದ ಹಾಗೆಯೇ ಆಯಿತು, ಜನ ಬಿದ್ದು ಬಿದ್ದು ನಕ್ಕರು. "ಅಯ್ಯೋ, ಕೂಸಿನ ಆಟದ ಸಾಮಾನು ಕಣೇ!" ಅಂದಳು ಒಬ್ಬ ಅಜ್ಜಿ. ಮಗನ ಮುಖ ಕೆಂಪಾಯಿತು. ಸಿಟ್ಟಿನಲ್ಲೇ ಬೀಸಿದ. ಬಿಡಿಸಲು ಬಂದ ಹುಡುಗ ಹೊಟ್ಟೆ ಹಿಡಿದುಕೊಂಡು ಬಿದ್ದ. ಮಗನ ಕೈಯಿಂದ ಮಚ್ಚು ಜಾರಿ ಕಲ್ಲಿನ ಮೇಲೆ ಗಿಲಗಿಲ ಅನ್ನುತ್ತಾ ಉರುಳಿ ಅಂಚಿನಲ್ಲಿ ನಿಂತಿತು. ನಗು ಕಡಿಮೆಯಾಯಿತು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ, ತಾಯಿಯ ಮಡಿಲಲ್ಲಿದ್ದ ಒಂದು ಕೂಸು ಆ ಸದ್ದಿಗೆ ಕೇಕೆ ಹಾಕಿ, ಎರಡೂ ಕೈ ಚಾಚಿತು. ಮಚ್ಚು ಕೊಡಿ ಅನ್ನುವ ಹಾಗೆ. ತಾಯಿ ತಟಕ್ಕನೆ ಅದರ ಕೈ ಹಿಡಿದು ಸೆರಗಿನೊಳಗೆ ಎಳೆದುಕೊಂಡಳು.

ನಗು ಪೂರ್ತಿ ನಿಂತಿತು. ಮಗ ಮುಂದಿನ ಮಾತು ಹೇಳಬೇಕಿತ್ತು, ಹೇಳಲಿಲ್ಲ. ಕೂಸನ್ನು ನೋಡುತ್ತಾ ನಿಂತುಬಿಟ್ಟ. ಮಾತು ಮರೆತವರಿಗೆ ಮೇಡಂ ಪಕ್ಕದಿಂದ ಹೇಳಿಕೊಡುತ್ತಿದ್ದರು. ಅವತ್ತು ಹೇಳಿಕೊಡಲಿಲ್ಲ. ಅವರ ಪಕ್ಕದಲ್ಲೇ ಕೂತಿದ್ದ ನಾನು ಏಳಲು ಹೋದರೆ ಭುಜ ಅದುಮಿ ಕೂರಿಸಿದರು. "ಇರು. ನಿಂತ್ಕೊಳ್ಲಿ." ಕೊನೆಗೆ ಸತ್ತು ಬಿದ್ದಿದ್ದ ಹುಡುಗನೇ ಕಣ್ಣು ಬಿಟ್ಟು, ಸಣ್ಣ ದನಿಯಲ್ಲಿ, "ಹೇಳ್ಲಾ" ಅಂದ. ಮಗ ಹೇಳಿದ. ನಾಟಕ ಮುಂದುವರಿಯಿತು.

ಮಾರನೇ ದಿನ ಬೆಳಿಗ್ಗೆ ಮಗ ಶೆಡ್ಡಿಗೆ ಬಂದು, ಹಳೆಯ ಯೂನಿಫಾರಂ ಶರ್ಟಿನಲ್ಲಿ ಸುತ್ತಿದ್ದನ್ನು ಲೇತಿನ ಪಕ್ಕ ಇಟ್ಟ. ನಿಜವಾದ ಮಚ್ಚು. "ಇದ್ನ ಏನಾರ ಮಾಡು" ಅಂದು ಸ್ಕೂಲಿಗೆ ಹೋದ. ಎಲ್ಲಿಟ್ಟಿದ್ದೆ ಅಂತ ನಾನು ಇವತ್ತಿಗೂ ಕೇಳಿಲ್ಲ.

ನಾನು ಅದನ್ನು ಕುಲುಮೆಗೆ ಒಯ್ದು, ಕಾಯಿಸಿ, ಲೇತಿಗೆ ಒಂದು ಉಳಿ ಮಾಡಿಸಿದೆ. ಮರ ಕಡೆಯುವ ಉಳಿ. ಮೇಡಂ ಬಂದಾಗ ತೋರಿಸಿ, ಯಾವುದರಿಂದ ಮಾಡಿಸಿದ್ದು ಅಂತ ಹೇಳಿದೆ. ಅವರು ಉಳಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದರು. ತಿರುಗಿಸಿ ನೋಡಿದರು. "ನಡೀತದೆ" ಅಂದರು. ಟೀ ಬಿಸಿ ಇರುವಾಗಲೇ ಕುಡಿದರು.

ಆ ಕಂಪನಿ ಮಾಗಡಿ, ರಾಮನಗರ ಎಲ್ಲ ಸುತ್ತಿತು. ಹುಡುಗರು ಹೊಡೆದಾಡುವುದು ಪೂರ್ತಿ ನಿಂತಿತು ಅಂತ ನಾನು ಹೇಳಲಾರೆ. ನಮ್ಮೆರಡು ಬೀದಿಯ ನಡುವೆ ನಿಂತಿದೆ, ಅಷ್ಟು ಗೊತ್ತು. ರಿಟೈರಾದ ಮರುವರ್ಷವೇ ಮೇಡಂಗೆ ಹುಷಾರು ತಪ್ಪಿತು. ಊರಿಗೆ ನೋಡಲು ಹೋದಾಗ ಮಲಗಿದ್ದಲ್ಲಿಂದಲೇ ನನ್ನ ಮಗನಿಗೆ, "ಮಾತು ಮರೀಬೇಡ ಕಣೋ" ಅಂದರು. ಅದೇ ತಿಂಗಳು ತೀರಿಕೊಂಡರು. ಮಣ್ಣಿಗೆ ನಾವೆಲ್ಲ ಅದೇ ಟೆಂಪೊದಲ್ಲಿ ಹೋದೆವು. ಯಾರು ಯಾರ ಪಕ್ಕ ಕೂರಬೇಕು ಅಂತ ಯಾರೂ ಹೇಳಬೇಕಾಗಲಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಶೀಟಿನ ಶೆಡ್ಡು ಒಂದು, ಲೇತು ಎರಡು, ಸ್ವಂತ ಮನೆ, ಹೆಂಡತಿ. ಮಚ್ಚಿನಿಂದ ಮಾಡಿಸಿದ ಉಳಿ ಒಂದು, ದಿನಾ ಬಳಸುತ್ತೇನೆ. ಮಗ ಒಬ್ಬ.